ಸಿವಿಲ್ ಎಂಜಿನಿಯರ್ ಆಗುವುದು ಹೇಗೆ: ಡಿಗ್ರಿಯಿಂದ ಸಹಿಯವರೆಗೆ

ಹೋದ ತಿಂಗಳು ತಂಗಿಯ ಮಗ ಫೋನ್ ಮಾಡಿದ್ದ. "ಮಾವ, ರಿಸಲ್ಟ್ ಬಂತು. ಇನ್ನು ನಾನೂ ಸಿವಿಲ್ ಎಂಜಿನಿಯರ್, ಅಲ್ವಾ?" ಎಂದ. ಖುಷಿಯಾಯಿತು. ಮನೆಗೆ ಕರೆದು ಒಂದು ಹಳೆಯ ಡ್ರಾಯಿಂಗ್ ಹರಡಿದೆ. ಬಲಗಡೆ ಕೆಳಮೂಲೆಯ ಚೌಕ ತೋರಿಸಿದೆ. ಅಲ್ಲಿ ಮೂರು ಖಾನೆ ಇರುತ್ತವೆ. ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಡಿಗ್ರಿ ಕೈಗೆ ಬಂದ ದಿನ ಮೊದಲ ಖಾನೆಯಲ್ಲಿ ನಿಮ್ಮ ಹೆಸರು ಬರೆಯಬಹುದು. ಎರಡನೆಯದಕ್ಕೆ ನಾಲ್ಕೈದು ವರ್ಷ ಬೇಕು. ಮೂರನೇ ಖಾನೆಯಲ್ಲಿ ಧೈರ್ಯವಾಗಿ ಸಹಿ ಹಾಕಲು ಹತ್ತು ವರ್ಷವಾದರೂ ಬೇಕು.

ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು 2002ರಲ್ಲಿ ದಾವಣಗೆರೆಯಲ್ಲಿ ಬಿಇ ಮುಗಿಸಿದವನು. ಹುಬ್ಬಳ್ಳಿಯಲ್ಲಿ ಸೈಟ್ ಎಂಜಿನಿಯರ್ ಆಗಿ ಶುರು ಮಾಡಿ, ಆಮೇಲೆ ಬೆಂಗಳೂರಿಗೆ ಬಂದೆ. ಈಗ ಸ್ವಂತ ಕಚೇರಿ ಇದೆ. ಕರ್ನಾಟಕದಲ್ಲಿ ಈ ವೃತ್ತಿ ಕಟ್ಟಿಕೊಳ್ಳಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಸೇರುವ ಮುಂಚೆ

ಎರಡು ದಾರಿ ಇವೆ. ಎಸ್‌ಎಸ್‌ಎಲ್‌ಸಿ ಆದ ಮೇಲೆ 3 ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುವುದು ಒಂದು. ಪಿಯುಸಿಯಲ್ಲಿ ಸೈನ್ಸ್ ಓದಿ ಸಿಇಟಿ ಬರೆಯುವುದು ಇನ್ನೊಂದು. ಖಾಸಗಿ ಕಾಲೇಜಿನ ಕೆಲವು ಸೀಟುಗಳಿಗೆ ಕಾಮೆಡ್‌-ಕೆ ಪರೀಕ್ಷೆ ಇದೆ. ಸುರತ್ಕಲ್‌ನ ಎನ್‌ಐಟಿಕೆ ಬೇಕೆಂದರೆ ಜೆಇಇ ಮೇನ್ ಬರೆಯಬೇಕು.

ಡಿಪ್ಲೊಮಾ ದಾರಿ ಕೆಳಗಿನದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನನ್ನ ಜೊತೆ ಕೆಲಸ ಮಾಡಿದ ಒಳ್ಳೆಯ ಎಂಜಿನಿಯರ್‌ಗಳಲ್ಲಿ ಅರ್ಧದಷ್ಟು ಜನ ಆ ಕಡೆಯಿಂದ ಬಂದವರು. ಅವರಿಗೆ ಹದಿನೇಳು ಹದಿನೆಂಟನೇ ವಯಸ್ಸಿಗೇ ಡ್ರಾಯಿಂಗ್ ಓದಲು ಬರುತ್ತಿತ್ತು. ಡಿಪ್ಲೊಮಾ ಇದ್ದರೆ ಕಿರಿಯ ಎಂಜಿನಿಯರ್ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಮನೆಯಲ್ಲಿ ದುಡ್ಡಿನ ಕಷ್ಟ ಇದ್ದರೆ ಇದು ಸಣ್ಣ ಮಾತಲ್ಲ.

ಕಾಲೇಜು ಆರಿಸುವಾಗ ಎಲ್ಲರೂ ಕಟ್ಟಡ ನೋಡುತ್ತಾರೆ, ಪ್ಲೇಸ್‌ಮೆಂಟ್ ಬೋರ್ಡ್ ನೋಡುತ್ತಾರೆ. ನೀವು ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ನೋಡಿ. ಕಾಲೇಜಿಗೆ ನ್ಯಾಕ್ ಗ್ರೇಡ್ ಇದೆ ಎಂದರೆ ಸಾಲದು. ನ್ಯಾಕ್ ಇಡೀ ಸಂಸ್ಥೆಗೆ ಕೊಡುವುದು, ಎನ್‌ಬಿಎ ಒಂದೊಂದು ಕೋರ್ಸಿಗೆ ಕೊಡುವುದು. ಸಿವಿಲ್ ವಿಭಾಗಕ್ಕೆ, ನೀವು ಓದುವ ವರ್ಷಗಳಲ್ಲಿ, ಅದು ಚಾಲ್ತಿಯಲ್ಲಿ ಇರಬೇಕು. ಭಾರತ 2014ರಲ್ಲಿ ಎನ್‌ಬಿಎ ಮೂಲಕ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ಆಯಿತು. ಮಾನ್ಯತೆ ಇರುವ ಕೋರ್ಸಿನ ಡಿಗ್ರಿಯನ್ನು ಒಪ್ಪಂದದ ಬೇರೆ ದೇಶಗಳು ಸಮಾನ ಎಂದು ನೋಡುತ್ತವೆ. 2018ರಲ್ಲಿ ಕುವೈತ್ ಎಂಜಿನಿಯರ್‌ಗಳ ಪರವಾನಗಿಗೆ ಎನ್‌ಬಿಎ ಮಾನ್ಯತೆ ಕೇಳಲು ಶುರು ಮಾಡಿದಾಗ, ಎಷ್ಟೋ ವರ್ಷ ಅಲ್ಲಿ ದುಡಿದ ನಮ್ಮವರು ಪೇಚಿಗೆ ಸಿಕ್ಕಿದರು. ಹದಿನೆಂಟನೇ ವಯಸ್ಸಿನಲ್ಲಿ ಹತ್ತು ನಿಮಿಷ ಕೂತು ನೋಡಿದ್ದರೆ ಆ ತೊಂದರೆ ಇರುತ್ತಿರಲಿಲ್ಲ.

ಕಾಲೇಜಿನ ನಾಲ್ಕು ವರ್ಷ

ಎಲ್ಲ ವಿಷಯದಲ್ಲೂ ಹೆಚ್ಚು ಅಂಕ ಬೇಕಿಲ್ಲ. ಆದರೆ ಐದನ್ನು ಬಿಡಬಾರದು: ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಸ್ಟ್ರಕ್ಚರಲ್ ಅನಾಲಿಸಿಸ್, ಮಣ್ಣಿನ ಯಂತ್ರಶಾಸ್ತ್ರ, ಸರ್ವೆ, ಎಸ್ಟಿಮೇಷನ್. ಕೊನೆಯ ಎರಡನ್ನು ಹುಡುಗರು ಹಗುರವಾಗಿ ತಗೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಬೇಕಾಗುವುದು ಆ ಎರಡೇ. ಸರ್ವೆ ಕ್ಯಾಂಪಿನಲ್ಲಿ ಆಟೋ ಲೆವೆಲ್, ಟೋಟಲ್ ಸ್ಟೇಷನ್ ಎರಡನ್ನೂ ನೀವೇ ಹಿಡಿಯಿರಿ. ಬ್ಯಾಚಿನಲ್ಲಿ ಒಬ್ಬ ಮಾಡಿ, ಉಳಿದ ಐದು ಜನ ರೀಡಿಂಗ್ ನಕಲು ಮಾಡುವುದು ನಡೆದೇ ಇದೆ. ಆ ಒಬ್ಬ ನೀವಾಗಿ.

ಬೀಮಿನ ಬೆಂಡಿಂಗ್ ಮೊಮೆಂಟ್ ಚಿತ್ರ, ಅಂದರೆ ಲೋಡಿಗೆ ಬೀಮು ಎಲ್ಲಿ ಹೇಗೆ ಬಾಗಲು ನೋಡುತ್ತದೆ ಎನ್ನುವ ಚಿತ್ರ, ಕಣ್ಣು ಮುಚ್ಚಿದರೂ ಕಾಣಬೇಕು. ಕಂಬಿ ಎಲ್ಲಿ ಕೆಳಗೆ ಬರುತ್ತದೆ, ಎಲ್ಲಿ ಮೇಲೆ ಹೋಗುತ್ತದೆ ಎಂದು ತಿಳಿಯುವುದು ಅದರಿಂದಲೇ. ಬಾಲ್ಕನಿ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲೆ ಇರಬೇಕು. ಇದನ್ನು ಸೂತ್ರದಂತೆ ಬಾಯಿಪಾಠ ಮಾಡಿದವನು ಸೈಟಿನಲ್ಲಿ ಒಂದು ದಿನ ಮರೆಯುತ್ತಾನೆ. ಯಾಕೆ ಎಂದು ಅರಿತವನು ಮರೆಯುವುದಿಲ್ಲ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಭಾರತೀಯ ಮಾನಕಗಳು, ಅಂದರೆ ನಾವು ಕೋಡ್ ಎನ್ನುವ ಐಎಸ್ ಪುಸ್ತಕಗಳು, ಈಗ ಉಚಿತವಾಗಿ ಸಿಗುತ್ತವೆ. ನಮ್ಮ ಕಾಲದಲ್ಲಿ ಜೆರಾಕ್ಸ್‌ನ ಜೆರಾಕ್ಸ್ ಓದುತ್ತಿದ್ದೆವು. ಕಾಂಕ್ರೀಟಿಗೆ ಐಎಸ್ 456:2000, ಉಕ್ಕಿಗೆ ಐಎಸ್ 800:2007, ಲೋಡಿಗೆ ಐಎಸ್ 875, ಭೂಕಂಪಕ್ಕೆ ಐಎಸ್ 1893 ಮತ್ತು ಐಎಸ್ 13920, ಮಿಕ್ಸ್ ಡಿಸೈನಿಗೆ ಐಎಸ್ 10262. ಮೊದಲು 456 ಒಂದನ್ನೇ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತ ಓದಿ. ನನ್ನ ಪ್ರತಿಯ ಪುಟಗಳು ಈಗ ಎಲೆ ಅಡಿಕೆ ಬಣ್ಣಕ್ಕೆ ತಿರುಗಿವೆ. ಇವತ್ತಿಗೂ ಅದೇ ಪ್ರತಿ ಬೇಕು.

ಶನಿವಾರಗಳಲ್ಲಿ ಮನೆ ಹತ್ತಿರ ಎಲ್ಲಾದರೂ ಕಟ್ಟಡ ಏಳುತ್ತಿದ್ದರೆ, ಕೇಳಿಕೊಂಡು ಒಳಗೆ ಹೋಗಿ ನೋಡಿ. ಸಾಫ್ಟ್‌ವೇರ್ ವಿಷಯದಲ್ಲಿ ಆಟೋಕ್ಯಾಡ್ ಮತ್ತು ಎಕ್ಸೆಲ್ ಚೆನ್ನಾಗಿ ಬಂದರೆ ಈ ಹಂತಕ್ಕೆ ಸಾಕು. ಫೀಸು ಕಟ್ಟಿ ಆರು ಸಾಫ್ಟ್‌ವೇರ್ ಕಲಿಯುವ ಅಗತ್ಯ ಇಲ್ಲ.

ಮೊದಲ ಎರಡು ವರ್ಷ ಸೈಟಿನಲ್ಲೇ ಇರಿ

ಇದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ನೀವು ಡಿಸೈನ್ ಮಾಡಿ, ಪ್ಲಾನಿಂಗ್ ಮಾಡಿ, ಸರ್ಕಾರಿ ಕಚೇರಿಗೆ ಹೋಗಿ. ಮೊದಲ ಎರಡು ವರ್ಷ ಮಾತ್ರ ಬೂಟಿಗೆ ಸಿಮೆಂಟ್ ಅಂಟಬೇಕು. ಸಂಬಳ ಕಡಿಮೆ ಇರುತ್ತದೆ. ಸಾಫ್ಟ್‌ವೇರ್ ಕಂಪನಿ ಸೇರಿದ ಸ್ನೇಹಿತನ ಸಂಬಳ ಕೇಳಿ ಬೇಜಾರಾಗುವುದೂ ನಿಜ. ಈ ವೃತ್ತಿಯಲ್ಲಿ ದುಡ್ಡು ತಡವಾಗಿ ಬರುತ್ತದೆ, ಅದನ್ನು ಮೊದಲೇ ತಿಳಿದುಕೊಂಡು ಬನ್ನಿ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದ್ದು 1884ರಲ್ಲಿ. ಅವರ ಹೆಸರಿನ ಸ್ವಯಂಚಾಲಿತ ಗೇಟುಗಳು ಖಡಕ್‌ವಾಸ್ಲಾದಲ್ಲಿ ಕೂತದ್ದು 1903ರಲ್ಲಿ. ನಡುವೆ ಹತ್ತೊಂಬತ್ತು ವರ್ಷ.

ಕೆಲಸ ಸಿಗದಿದ್ದರೆ ಕೇಂದ್ರದ ನ್ಯಾಟ್ಸ್ ಯೋಜನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ಆಗಬಹುದು. ಡಿಪ್ಲೊಮಾ, ಡಿಗ್ರಿ ಎರಡಕ್ಕೂ ಇದೆ. ಭತ್ಯೆ ಬರುತ್ತದೆ, ಕೊನೆಗೆ ಪ್ರಮಾಣಪತ್ರವೂ ಸಿಗುತ್ತದೆ.

ಸೈಟಿಗೆ ಹೋದ ಮೊದಲ ದಿನ ಒಂದು ಡೈರಿ ತಗೊಳ್ಳಿ. ದಿನಾಂಕ, ಹವಾಮಾನ, ಎಷ್ಟು ಆಳು, ಯಾವ ಪಿಲ್ಲರ್, ಎಷ್ಟು ಕಾಂಕ್ರೀಟ್, ಯಾರು ಏನು ಹೇಳಿದರು. ಸಂಜೆ ಹತ್ತು ನಿಮಿಷದ ಕೆಲಸ. ಮೊಬೈಲ್ ಫೋಟೋ ಇದೆಯಲ್ಲ ಅನ್ನಬೇಡಿ. ಫೋನ್ ಬದಲಾಗುತ್ತದೆ, ಫೋಟೋ ಹೋಗುತ್ತದೆ. ಡೈರಿ ಯಾಕೆ ಬೇಕು ಎಂದು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ.

ಮೇಸ್ತ್ರಿಯನ್ನು ಗುರು ಎಂದು ತಿಳಿಯಿರಿ. "ಅಣ್ಣ, ಈ ರಿಂಗಿನ ಕೊಕ್ಕೆ ಯಾಕೆ ಒಳಗೆ ಬಗ್ಗಿಸ್ತೀರಿ?" ಎಂದು ಕೇಳಿದರೆ ಅವರು ಬಗ್ಗಿಸಿ ತೋರಿಸುತ್ತಾರೆ. ಯಾಕೆ ಎನ್ನುವುದಕ್ಕೆ 13920ರಲ್ಲಿ ಉತ್ತರ ಇದೆ. 135 ಡಿಗ್ರಿ ಕೊಕ್ಕೆ ಒಳಗಿನ ಕಾಂಕ್ರೀಟಿನಲ್ಲಿ ಕಚ್ಚಿಕೊಂಡರೆ, ಭೂಕಂಪದಲ್ಲಿ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ಪದರ, ಉದುರಿದರೂ ರಿಂಗ್ ಬಿಚ್ಚಿಕೊಳ್ಳುವುದಿಲ್ಲ. ಕೈಗೆ ಬರುವುದು ಮೇಸ್ತ್ರಿಯಿಂದ, ತಲೆಗೆ ಬರುವುದು ಕೋಡಿನಿಂದ. ಎರಡೂ ಬೇಕು. ಇನ್ನೊಂದು ಮಾತು. ಇವತ್ತು ಬೆಂಗಳೂರಿನ ಸೈಟಿನಲ್ಲಿ ರಾಯಚೂರು, ಕಲಬುರಗಿಯ ಜನರ ಜೊತೆ ಬಿಹಾರ, ಒಡಿಶಾ, ಬಂಗಾಳದವರೂ ಇರುತ್ತಾರೆ. ಸ್ವಲ್ಪ ಹಿಂದಿ ಕಲಿತುಕೊಳ್ಳಿ. ಸ್ಲ್ಯಾಬಿಗೆ ಕೆಳಗಿನಿಂದ ಆಧಾರ ಕೊಟ್ಟ "ಜಾಕಿ ತೆಗೀಬೇಡ" ಎನ್ನುವುದು ಕೇಳುವವನಿಗೆ ಅರ್ಥವಾಗಬೇಕು, ಅದರ ಮೇಲೆ ಜೀವ ನಿಂತಿರುತ್ತದೆ.

ಒಂದು ಮೋಲ್ಡ್ ದಿನವನ್ನು ಪೂರ್ತಿ ಕಲಿಯಿರಿ

ಸ್ಲ್ಯಾಬ್ ಮೋಲ್ಡ್ ಹಾಕುವ ಒಂದು ದಿನದಲ್ಲಿ ಸಿವಿಲ್ ಕೆಲಸದ ಮುಕ್ಕಾಲು ಪಾಲು ಇದೆ. ಹಿಂದಿನ ಸಂಜೆಯೇ ಸೆಂಟ್ರಿಂಗ್ ಮೇಲೆ ಹತ್ತಿ. ಕೆಳಗಿನ ಜಾಕಿಗಳು ಗಟ್ಟಿ ನೆಲದ ಮೇಲೆ ನಿಂತಿವೆಯೇ, ಮಣ್ಣಿನ ಮೇಲೆ ಹಲಗೆ ಇಲ್ಲದೆ ನಿಲ್ಲಿಸಿದ್ದಾರೆಯೇ ನೋಡಿ. ನಾಲ್ಕು ಮೂಲೆ ಮತ್ತು ನಡುವೆ ಲೆವೆಲ್ ನೋಡಿ. ಬೀಮಿನ ಮೇಲೆ ಹಾಯುವ ಮೇಲಿನ ಕಂಬಿ ತುಳಿದು ಕೆಳಗೆ ಹೋಗದಂತೆ ಎತ್ತಿ ಹಿಡಿಯುವ ಬಾಗಿಸಿದ ಕಂಬಿ, ಅಂದರೆ ಚೇರ್, ಇದೆಯೇ ನೋಡಿ. ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ಇಟ್ಟಿದ್ದರೆ ತೆಗೆಸಿ. ಸಾಮಾನ್ಯ ವಾತಾವರಣದಲ್ಲಿ ಸ್ಲ್ಯಾಬಿಗೆ 20 ಮಿಮೀ, ಪಿಲ್ಲರಿಗೆ 40 ಮಿಮೀ, ಪಾಯದ ಫುಟಿಂಗಿಗೆ 50 ಮಿಮೀ ಕವರ್ ಬೇಕು. ಬಾತ್‌ರೂಮಿನ ಸಂಕ್ ಸ್ಲ್ಯಾಬ್, ವೈರಿಂಗ್ ಪೈಪು, ಫ್ಯಾನ್ ಬಾಕ್ಸ್ ಎಲ್ಲ ಅವತ್ತೇ ಮುಗಿದಿರಬೇಕು.

ಬೆಳಿಗ್ಗೆ ಎರಡು ವೈಬ್ರೇಟರ್ ಇರಲಿ, ಒಂದು ಕೆಟ್ಟರೆ ಇನ್ನೊಂದು. ಮಳೆ ಬಂದರೆ ಮುಚ್ಚಲು ಟಾರ್ಪಾಲ್ ಹತ್ತಿರ ಇರಲಿ. ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಡಿಸೈನರ್ ಹತ್ತಿರ ಕೇಳಿ ಗುರುತು ಹಾಕಿ. 300 ಮಿಮೀ ಎತ್ತರದ ಸ್ಲಂಪ್ ಕೋನ್ ತುಂಬಿ, ಎತ್ತಿ, ಕುಸಿತ ಅಳೆಯಿರಿ. ಗಟ್ಟಿತನದ ಪರೀಕ್ಷೆಗೆ ಅಚ್ಚು ಹಾಕುವ ಕ್ಯೂಬ್ 150 ಮಿಮೀದು, ಮೂರು ಕ್ಯೂಬ್ ಸೇರಿ ಒಂದು ಸ್ಯಾಂಪಲ್. 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 15ರವರೆಗೆ ಎರಡು, 30ರವರೆಗೆ ಮೂರು, 50ರವರೆಗೆ ನಾಲ್ಕು.

ಮೋಲ್ಡ್ ಆದ ಮೇಲೆ ಜನ ಸಿಹಿ ತಿಂದು ಮನೆಗೆ ಹೋಗುತ್ತಾರೆ. ನಿಮ್ಮ ಕೆಲಸ ಅಲ್ಲಿಂದ ಮುಂದೆಯೂ ಇದೆ. ಮಾರನೇ ದಿನ ಮಡಿ ಕಟ್ಟಿಸಿ ನೀರು ನಿಲ್ಲಿಸಿ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, 14 ದಿನ ಮಾಡಿಸಿ. ಜಾಕಿ ತೆಗೆಯುವ ವಿಷಯದಲ್ಲಿ ಯಾರ ಒತ್ತಡಕ್ಕೂ ಮಣಿಯಬೇಡಿ. 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ. ಬೀಮಿಗೆ 6 ಮೀಟರ್‌ವರೆಗೆ 14 ದಿನ, ಮೇಲಾದರೆ 21 ದಿನ. ಇದು 456ರ ಲೆಕ್ಕ. ಪಿಪಿಸಿ ನಿಧಾನವಾಗಿ ಗಟ್ಟಿಯಾಗುವುದರಿಂದ ನಾನು ಇನ್ನೂ ಜಾಸ್ತಿ ದಿನ ಬಿಡಿಸುತ್ತೇನೆ.

ಈಗ ನನ್ನ ಒಂದು ತಪ್ಪು ಹೇಳಬೇಕು. 2004ರಲ್ಲಿ ಬೆಂಗಳೂರಿನ ಒಂದು ಸೈಟಿನಲ್ಲಿ ಇದ್ದೆ. ಹನ್ನೊಂದು ಪಿಲ್ಲರಿಗೆ 6 ಘನ ಮೀಟರ್ ಕಾಂಕ್ರೀಟ್ ಹೊತ್ತು ಬಂದ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಯಿತು. ಮಾಲು ಬಿರುಸಾಗಿತ್ತು. ಫೋರ್‌ಮನ್ ಪಕ್ಕದ ಡ್ರಮ್ಮಿನಿಂದ ನೀರು ಹಾಕಿಸಿದರು. ಒಂದೂವರೆ ಡ್ರಮ್, ಅಂದರೆ ಹತ್ತಿರ ಹತ್ತಿರ 300 ಲೀಟರ್. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ವಯಸ್ಸಿನಲ್ಲಿ ದೊಡ್ಡವರು, ನಾನು ಹೊಸಬ. ಸುಮ್ಮನಿದ್ದೆ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಅದು ಎಂ25, ಅಂದರೆ 28 ದಿನಕ್ಕೆ ಚದರ ಮಿಮೀಗೆ 25 ನ್ಯೂಟನ್ ತಡೆಯಬೇಕಾದ ಕಾಂಕ್ರೀಟ್. ಒಂದು ಘನ ಮೀಟರಿಗೆ 360 ಕೆಜಿ ಸಿಮೆಂಟ್, 162 ಲೀಟರ್ ನೀರು. ನೀರು-ಸಿಮೆಂಟ್ ಅನುಪಾತ 0.45. ಅದಕ್ಕೆ ಘನ ಮೀಟರಿಗೆ 50 ಲೀಟರ್ ಸೇರಿದರೆ 212. ಅನುಪಾತ 0.59ಕ್ಕೆ ಹೋಯಿತು. 28 ದಿನಕ್ಕೆ ಕ್ಯೂಬ್ 20 ದಾಟಲಿಲ್ಲ. ಪಿಲ್ಲರಿನಿಂದ ಕೋರ್, ಅಂದರೆ ಕೊರೆದ ಕಾಂಕ್ರೀಟ್ ತುಂಡು, ತೆಗೆದು ನೋಡಿದರು. ಕೋರ್‌ಗಳ ಸರಾಸರಿ ಗ್ರೇಡಿನ 85% ಇರಬೇಕು, ಯಾವ ಒಂದೂ 75%ಗಿಂತ ಕೆಳಗೆ ಇರಬಾರದು. 25ರ 85% ಎಂದರೆ 21.25. ನಮ್ಮ ಸರಾಸರಿ 19.6. ಹನ್ನೊಂದೂ ಪಿಲ್ಲರಿಗೆ ಸುತ್ತ ಕಂಬಿ ಕಟ್ಟಿ ಜಾಕೆಟಿಂಗ್ ಮಾಡಬೇಕಾಯಿತು. "ಈ ಲಾರಿ ವಾಪಸ್ ಕಳಿಸಿ" ಎಂಬ ನಾಲ್ಕು ಮಾತು ನಾನು ಆಡಲಿಲ್ಲ. ಅದಕ್ಕೆ ಆ ಮಾಲೀಕರು ಕಟ್ಟಿದ ಬೆಲೆ ಇವತ್ತಿಗೂ ನೆನಪಿದೆ. ಕಾಂಕ್ರೀಟ್ ಬಿರುಸಾಗಿದ್ದರೆ ಪ್ಲಾಂಟಿನವರ ಒಪ್ಪಿಗೆಯಿಂದ ಅದನ್ನು ಸಡಿಲಿಸುವ ರಾಸಾಯನಿಕ, ಅಂದರೆ ಅಡ್‌ಮಿಕ್ಸ್ಚರ್, ಹಾಕಬಹುದು. ನೀರು ಹಾಕಬಾರದು.

ಇದೇ ಎರಡು ವರ್ಷದಲ್ಲಿ ಸುರಕ್ಷತೆಯ ಅಭ್ಯಾಸವೂ ಆಗಬೇಕು. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಪಕ್ಕದ ಮಣ್ಣಿಗೆ ಆಧಾರ ಕೊಡದೆ ಆಳು ಇಳಿಸಬೇಡಿ. ಹೆಲ್ಮೆಟ್ ನೀವು ಹಾಕದೆ ಅವರಿಗೆ ಹಾಕಿ ಅಂದರೆ ಯಾರೂ ಹಾಕುವುದಿಲ್ಲ.

ಕಂಬಿ ಲೆಕ್ಕ ಮತ್ತು ಬಿಲ್ಲು

ಮೂರನೇ ವರ್ಷದ ಹೊತ್ತಿಗೆ ಅಳತೆ ಮತ್ತು ಹಣದ ಕಡೆ ತಿರುಗಿ. ಕಂಬಿಯ ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ, ಮೀಟರಿಗೆ ಇಷ್ಟು ಕೆಜಿ ಎಂದು ಬರುತ್ತದೆ. 8 ಮಿಮೀಗೆ 0.395, 12ಕ್ಕೆ 0.89, 16ಕ್ಕೆ 1.58. 162 ಎಲ್ಲಿಂದ ಬಂತು ಎಂದು ಇಂಟರ್‌ವ್ಯೂನಲ್ಲಿ ಕೇಳುತ್ತಾರೆ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆಜಿ, ವೃತ್ತದ ವಿಸ್ತೀರ್ಣದ ಸೂತ್ರ, ಇವೆರಡನ್ನು ಗುಣಿಸಿ ನೋಡಿ. ಲಾರಿ ಬಂದಾಗ ತೂಕದ ಚೀಟಿ ನಂಬದೆ ಕಂಬಿ ಎಣಿಸಿ. 12 ಮೀಟರ್ ಉದ್ದದ 16 ಮಿಮೀ ಕಂಬಿ ಒಂದು ಸುಮಾರು 19 ಕೆಜಿ ತೂಗಬೇಕು.

ಬಾರ್ ಬೆಂಡಿಂಗ್ ಶೆಡ್ಯೂಲ್, ಅಂದರೆ ಕಂಬಿ ಕತ್ತರಿಸಿ ಬಗ್ಗಿಸುವ ಪಟ್ಟಿ, ಕೈಯಲ್ಲೇ ಹತ್ತು ಸಲ ಮಾಡಿ, ಆಮೇಲೆ ಎಕ್ಸೆಲ್‌ಗೆ ಹೋಗಿ. ಸರ್ಕಾರಿ ಕೆಲಸವಾದರೆ ಇಲಾಖೆಯ ಎಸ್‌ಆರ್ ದರಪಟ್ಟಿ ಓದಲು ಕಲಿಯಿರಿ. ಅಳತೆ ಪುಸ್ತಕ, ಅಂದರೆ ಎಂಬಿ, ಬರೆಯುವ ಶಿಸ್ತು ಬೇರೆಯೇ. ಅದರಲ್ಲಿ ಅಳಿಸುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಚಿಕ್ಕ ಸಹಿ ಹಾಕಬೇಕು. ನೋಡದೆ ಅಳತೆ ಬರೆದವನ ವೃತ್ತಿ ಯಾವತ್ತಾದರೂ ಆ ಪುಟದಲ್ಲೇ ಮುಗಿಯಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ, ತನಿಖೆಗಳಲ್ಲಿ ಮೊದಲು ತೆರೆಯುವುದು ಎಂಬಿಯನ್ನೇ.

ಯಾವ ಕವಲು ಹಿಡಿಯುವುದು

ಈಗ ನಿಮಗೆ ಯಾವ ಕೆಲಸದಲ್ಲಿ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಸ್ಟ್ರಕ್ಚರಲ್ ಡಿಸೈನ್ ಇಷ್ಟವಾದರೆ ಗೇಟ್ ಬರೆದು ಎಂಟೆಕ್ ಮಾಡಿ. ಗೇಟ್ ಅಂಕ 3 ವರ್ಷ ನಡೆಯುತ್ತದೆ, ಓದುವಾಗ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಇದೆ. ಬೆಂಗಳೂರಿನ ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ ನಮ್ಮ ಊರಲ್ಲೇ ಇವೆ. ಇಟ್ಯಾಬ್ಸ್, ಸ್ಟ್ಯಾಡ್ ಎಂಬ ಡಿಸೈನ್ ಸಾಫ್ಟ್‌ವೇರ್ ಕಲಿಯಿರಿ. ಆದರೆ ಕಂಪ್ಯೂಟರ್ ಕೊಟ್ಟ ಉತ್ತರವನ್ನು ಕೈ ಲೆಕ್ಕದಿಂದ ನೋಡದೆ ಡ್ರಾಯಿಂಗ್ ಬಿಡಬೇಡಿ. ಮಾಮೂಲಿ ವಾಸದ ಕಟ್ಟಡದಲ್ಲಿ ಒಂದು ಮಹಡಿಗೆ ಚದರ ಮೀಟರಿಗೆ 10ರಿಂದ 12 ಕಿಲೋನ್ಯೂಟನ್ ಎಂದು ಹಿಡಿದು, ಮಹಡಿ ಎಷ್ಟೋ ಅಷ್ಟರಿಂದ ಗುಣಿಸಿ. ಪಾಯದಲ್ಲಿ ಬಂದ ಒಟ್ಟು ಲೋಡು ಅದರ ಹತ್ತಿರ ಇಲ್ಲದಿದ್ದರೆ ಮಾಡೆಲ್‌ನಲ್ಲಿ ಏನೋ ತಪ್ಪಿದೆ. ಈ ಐದು ನಿಮಿಷದ ಲೆಕ್ಕ ನನ್ನನ್ನು ಮೂರು ಸಲ ಉಳಿಸಿದೆ.

ಮಣ್ಣಿನ ಕಡೆ ಹೋಗುವವರು ಕಡಿಮೆ. ಅದಕ್ಕೇ ಅಲ್ಲಿ ಬೇಡಿಕೆ ಇದೆ. ನಮ್ಮ ರಾಜ್ಯದಲ್ಲೇ ಎಷ್ಟು ಬಗೆ ನೋಡಿ. ಬಯಲುಸೀಮೆಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕರಾವಳಿಯಲ್ಲಿ ಜಂಬಿಟ್ಟಿಗೆ. ಬೆಂಗಳೂರಿನಲ್ಲಿ ಮುಚ್ಚಿದ ಕೆರೆಗಳ ಮೇಲೆ ಬಡಾವಣೆಗಳು. ರಸ್ತೆ, ಸೇತುವೆ ಬೇಕಾದವರು ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಕೋಡುಗಳನ್ನು ಹಿಡಿಯಬೇಕು. ಸಮಯ ಮತ್ತು ಆಳುಗಳ ಲೆಕ್ಕ ಚೆನ್ನಾಗಿ ಬರುವವರು ಪ್ರೈಮಾವೆರಾ ಸಾಫ್ಟ್‌ವೇರ್ ಕಲಿತು ಪ್ಲಾನಿಂಗ್‌ಗೆ ಹೋಗಬಹುದು. ಬಿಲ್ಲಿಂಗ್, ಕ್ವಾಂಟಿಟಿ ಸರ್ವೆ ಕೆಲಸಕ್ಕೆ ಗಲ್ಫ್‌ನಲ್ಲಿ ಒಳ್ಳೆಯ ಬೆಲೆ ಇದೆ.

ಸರ್ಕಾರಿ ಕೆಲಸ ಬೇಕೆನ್ನುವವರಿಗೆ

ರಾಜ್ಯದಲ್ಲಿ ಲೋಕೋಪಯೋಗಿ, ಜಲಸಂಪನ್ಮೂಲ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಇಲಾಖೆಗಳಿಗೆ ಕೆಪಿಎಸ್‌ಸಿ ಮೂಲಕ ಎಇ (ಸಹಾಯಕ ಎಂಜಿನಿಯರ್), ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), ಜೆಇ (ಕಿರಿಯ ಎಂಜಿನಿಯರ್) ನೇಮಕ ನಡೆಯುತ್ತದೆ. ನೀರಾವರಿ ನಿಗಮಗಳು, ನಗರ ನೀರು ಸರಬರಾಜು ಮಂಡಳಿಯ ಪ್ರಕಟಣೆಗಳನ್ನೂ ನೋಡುತ್ತಿರಿ. ಕೇಂದ್ರದಲ್ಲಿ ಎಸ್‌ಎಸ್‌ಸಿ ಜೆಇ, ರೈಲ್ವೆ ಜೆಇ, ಮೇಲಿನ ಹಂತಕ್ಕೆ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವಾ ಪರೀಕ್ಷೆ. ಗೇಟ್ ಅಂಕದ ಮೇಲೆ ನೇಮಿಸುವ ಕೇಂದ್ರ ಸರ್ಕಾರಿ ಕಂಪನಿಗಳೂ ಇವೆ.

ರಾಜ್ಯದ ನೇಮಕಾತಿಯಲ್ಲಿ ಕಡ್ಡಾಯ ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳು ಇದನ್ನು ಕೊನೆಗೆ ಬಿಟ್ಟು ಕೆಡುತ್ತಾರೆ. ಕಲ್ಯಾಣ ಕರ್ನಾಟಕದವರು 371ಜೆ ಮೀಸಲಾತಿಯ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ನೇಮಕಾತಿ ವರ್ಷಗಟ್ಟಲೆ ಎಳೆಯುವುದು ಉಂಟು. ಅದಕ್ಕೇ ಕೆಲಸ ಬಿಟ್ಟು ಬರೀ ಓದುತ್ತ ಕೂರುವುದು ನನಗೆ ಸರಿ ಅನ್ನಿಸುವುದಿಲ್ಲ. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಒಂದು ಗಂಟೆ ಓದಿ. ಹಗಲು ಸೈಟಿನಲ್ಲಿ ಇರಿ.

ಚಾರ್ಟರ್ಡ್ ಎಂಜಿನಿಯರ್, ನೋಂದಣಿ

ಇಲ್ಲಿ ಬಹಳ ಜನರಿಗೆ ಗೊಂದಲ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್‌ನಲ್ಲಿ ಹೆಸರಿಲ್ಲದವರು ಆರ್ಕಿಟೆಕ್ಟ್ ಎಂದು ಹಾಕಿಕೊಳ್ಳುವಂತಿಲ್ಲ. ಎಂಜಿನಿಯರ್‌ಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ಹಾಗಾಗಿ ನಿಮ್ಮ ಅರ್ಹತೆಯನ್ನು ನೀವೇ ಮೂರು ಕಡೆ ಗಟ್ಟಿ ಮಾಡಿಕೊಳ್ಳಬೇಕು.

ಮೊದಲನೆಯದು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್. 1920ರಲ್ಲಿ ಶುರುವಾಗಿ 1935ರಲ್ಲಿ ರಾಯಲ್ ಚಾರ್ಟರ್ ಪಡೆದ ಸಂಸ್ಥೆ, ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ರಾಜ್ಯ ಕೇಂದ್ರ ಬೆಂಗಳೂರಿನಲ್ಲಿ, ವಿಧಾನಸೌಧದ ಮುಂದಿನ ಅಂಬೇಡ್ಕರ್ ವೀಧಿಯಲ್ಲಿದೆ. ಬಿಇ ಆದ ಕೂಡಲೇ ಅಸೋಸಿಯೇಟ್ ಸದಸ್ಯರಾಗಿ. ಅನುಭವ ಬೆಳೆದಂತೆ ಸದಸ್ಯ (ಎಂಐಇ), ಮುಂದೆ ಫೆಲೋ (ಎಫ್‌ಐಇ). ಜವಾಬ್ದಾರಿಯ ಕೆಲಸದ ಅನುಭವ ತೋರಿಸಿ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಪಡೆಯಬಹುದು. ಬ್ಯಾಂಕ್ ಮೌಲ್ಯಮಾಪನ, ಕೋರ್ಟು, ಟೆಂಡರ್, ಕಂಪನಿಗಳ ದೃಢೀಕರಣ, ಎಲ್ಲ ಕಡೆ ಇದನ್ನು ಕೇಳುತ್ತಾರೆ. ಒಂದು ಎಚ್ಚರಿಕೆ. ಡಿಗ್ರಿ ಇಲ್ಲದೆ ಇದೇ ಸಂಸ್ಥೆಯ ಪರೀಕ್ಷೆ ಬರೆದು ಪಡೆಯುವ ಎಎಂಐಇಯನ್ನು ಬಿಇಗೆ ಸಮ ಎಂದು ಪರಿಗಣಿಸುವುದು 31 ಮೇ 2013ರೊಳಗೆ ಸೇರಿದವರಿಗೆ ಮಾತ್ರ. ಈಗ ಅದನ್ನೇ ಡಿಗ್ರಿ ಎಂದು ಮಾರುವವರ ಮಾತಿಗೆ ಬೀಳಬೇಡಿ.

ಎರಡನೆಯದು ಸ್ಥಳೀಯ ಸಂಸ್ಥೆಯ ನೋಂದಣಿ. ನಕ್ಷೆ ಮಂಜೂರಾತಿಗೆ ಸಹಿ ಹಾಕಲು ಪಾಲಿಕೆಯಲ್ಲಿ ಎಂಜಿನಿಯರ್ ಅಥವಾ ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ಹೆಸರು ಇರಬೇಕು. ಎಷ್ಟು ಓದು, ಎಷ್ಟು ವರ್ಷದ ಅನುಭವ ಬೇಕು ಎನ್ನುವುದು ಆಯಾ ಬೈಲಾದಲ್ಲಿ ಇರುತ್ತದೆ.

ಮೂರನೆಯದು ಕಾನೂನಿನ ಅರಿವು. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯಂತೆ ಬಿಲ್ಡರ್ ಗ್ರಾಹಕರ ಹಣದ 70% ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಅದರಿಂದ ಹಣ ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರ ಪ್ರಮಾಣಪತ್ರ ಬೇಕು. ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ನಿಮ್ಮ ಸಹಿಯ ಕಾಗದ ಎಲ್ಲೆಲ್ಲಿ ಓಡಾಡುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಹೊರದೇಶದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1818ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ (ಐಸಿಇ) ಮೂಲಕ ಚಾರ್ಟರ್ಡ್ ಆಗಬಹುದು. ಅವರು ನೀವು ಬರೆದ ವರದಿ ಓದಿ ಎದುರು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅಮೆರಿಕದಲ್ಲಿ ಮೊದಲು ಎಫ್‌ಇ, ಅನುಭವದ ನಂತರ ಪಿಇ ಪರೀಕ್ಷೆ. ಪರವಾನಗಿ ಕೊಡುವುದು ಆಯಾ ರಾಜ್ಯ. ಸೌದಿಯಲ್ಲಿ ಸೌದಿ ಎಂಜಿನಿಯರ್‌ಗಳ ಮಂಡಳಿಯಲ್ಲಿ ನೋಂದಣಿ ಬೇಕು. ಎಲ್ಲ ಕಡೆ ಕೇಳುವುದು ಒಂದೇ: ನೀವು ಯಾವ ಕೆಲಸಕ್ಕೆ ಹೊಣೆ ಹೊತ್ತಿರಿ, ಅದಕ್ಕೆ ಸಾಕ್ಷಿ ಏನು. ಕೆಲಸ ಬಿಡುವಾಗ ಬರೀ ಅನುಭವ ಪತ್ರ ತಗೊಳ್ಳಬೇಡಿ. ಯೋಜನೆ, ನಿಮ್ಮ ಪಾತ್ರ, ಅವಧಿ ಬರೆದ ಪತ್ರಕ್ಕೆ ಹಿರಿಯರ ಸಹಿ ಹಾಕಿಸಿ.

ಸ್ವಂತ ಕಚೇರಿ

ಹತ್ತು ವರ್ಷದ ಮುಂಚೆ ಬೇಡ. ಶುರು ಮಾಡಿದಾಗ ಮೊದಲ ನಿಯಮ: ಮಣ್ಣು ಪರೀಕ್ಷೆ ಇಲ್ಲದೆ ಪಾಯದ ಡ್ರಾಯಿಂಗ್ ಇಲ್ಲ. ಎರಡನೆಯದು: ಫೀಸು, ಎಷ್ಟು ಸಲ ಸೈಟಿಗೆ ಬರುತ್ತೀರಿ, ಮೇಲ್ವಿಚಾರಣೆ ಯಾರದು ಎನ್ನುವುದು ಕಾಗದದ ಮೇಲೆ ಇರಲಿ. ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿ. ಮೂರನೆಯದು: "ಸಾರ್, ಪಾಯ ಮೂರು ಮಹಡಿಗೆ ಹಾಕಿದೀವಿ, ನೀವು ಐದಕ್ಕೆ ಸಹಿ ಹಾಕಿಕೊಡಿ" ಎನ್ನುವವರು ಬರುತ್ತಾರೆ. ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ. ಒಳ್ಳೆಯ ಫೀಸು ಕೊಡುವುದಾಗಿಯೂ ಹೇಳುತ್ತಾರೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ, 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡಗಳು ಕುಸಿದು ಜನ ಸತ್ತರು. ಆ ಎರಡು ಊರಿನ ಹೆಸರು ನನ್ನ ಮೇಜಿನ ಗಾಜಿನ ಕೆಳಗೆ ಬರೆದಿಟ್ಟಿದ್ದೇನೆ. ಬಂದವರು ಕೇಳಿದರೆ ತೋರಿಸುತ್ತೇನೆ.

ಪ್ರತಿ ಕೆಲಸದ ಲೆಕ್ಕದ ಹಾಳೆ, ಮಣ್ಣಿನ ವರದಿ, ತಿದ್ದಿದ ಡ್ರಾಯಿಂಗ್ ಮತ್ತು ಕೊನೆಯ ಡ್ರಾಯಿಂಗ್ ಒಂದೇ ಕಡತದಲ್ಲಿ ಇಡಿ.

ಡೈರಿಯ ವಿಷಯ ಹೇಳುತ್ತೇನೆ ಅಂದಿದ್ದೆ. 2018ರಲ್ಲಿ ಹುಬ್ಬಳ್ಳಿಯಿಂದ ಒಬ್ಬರು ಹುಡುಕಿಕೊಂಡು ಬಂದರು. 2003ರಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದ ಮನೆ ಅವರದು. ಮೇಲೆ ಎರಡು ಮಹಡಿ ಏರಿಸಬೇಕಿತ್ತು. ಹಳೆಯ ಡ್ರಾಯಿಂಗ್ ಅವರ ಹತ್ತಿರ ಇರಲಿಲ್ಲ, ಕಟ್ಟಿದ ಕಂಪನಿ ಮುಚ್ಚಿತ್ತು. ಅಟ್ಟದಿಂದ ಡೈರಿ ಇಳಿಸಿದೆ. ಫೆಬ್ರವರಿಯ ಪುಟದಲ್ಲಿ ಇತ್ತು: "ಎರೆಮಣ್ಣು ದಾಟಿ 2.1 ಮೀಟರಿಗೆ ಗರಸು ಸಿಕ್ಕಿತು. ಫುಟಿಂಗ್ 1.5 ಬೈ 1.5. ಈಶಾನ್ಯ ಮೂಲೆಯಲ್ಲಿ ಮಾತ್ರ 2.4ಕ್ಕೆ ಇಳಿಸಿದೆವು." ಒಂದು ಕಡೆ ಅಗೆದು ನೋಡಿದೆವು, ಅಳತೆ ಸರಿಯಾಗಿ ಕೂತಿತು. ಲೆಕ್ಕ ಹಾಕಿದೆ. ಒಂದು ಮಹಡಿಗೆ ಪಾಯ ತಡೆಯುತ್ತದೆ, ಎರಡಕ್ಕೆ ತಡೆಯುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಒಂದೇ ಸಾಕು ಬಿಡ್ರಿ, ಡ್ರಾಯಿಂಗ್ ಯಾವಾಗ ಕೊಡ್ತೀರಿ?" ಎಂದು ಕೇಳಿದರು.